ಬಾಕಿ ಕೊಡುವ ಮುನ್ನ ತಾರಸಿಗೆ ನೀರು ಕಟ್ಟಿ

ಮನೆ ಹೊಸದು, ಮೊದಲ ಮಳೆಗೇ ತಾರಸಿ ಸೋರುತ್ತದೆ. ಮೇಸ್ತ್ರಿ ಮಾತ್ರ ಕೈಗೆ ಸಿಗುವುದಿಲ್ಲ!

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಂಥ ಊರುಗಳಲ್ಲಿ ಮನೆ ಕಟ್ಟಿಸುವುದೆಂದರೆ ಹೆಚ್ಚಾಗಿ ಬಾಯಿಮಾತಿನ ವ್ಯವಹಾರ. ಚದರಕ್ಕೆ ಇಷ್ಟು ಎಂದು ಒಪ್ಪಿಕೊಂಡರೆ ಮುಗಿಯಿತು; ಲೆಕ್ಕವೆಲ್ಲ ಮೇಸ್ತ್ರಿಯ ಚಿಕ್ಕ ಪುಸ್ತಕದಲ್ಲಿ. ಗೃಹಪ್ರವೇಶದ ದಿನ ಪಂಚೆ, ಶಲ್ಯ, ತಾಂಬೂಲದ ಜೊತೆಗೆ ಬಾಕಿ ಹಣವನ್ನೂ ಕೊಟ್ಟುಬಿಡುತ್ತೇವೆ. ಮರ್ಯಾದೆ ಮಾಡುವುದು ಸರಿಯೇ, ಆದರೆ ಬಾಕಿಗೆ ಅಷ್ಟು ಅವಸರವೇಕೆ? ಕೆಲಸ ಸರಿಪಡಿಸಿಕೊಳ್ಳಲು ನಿಮಗಿರುವ ಹಿಡಿತ ಅದೊಂದೇ.

ಮೊದಲು ತಾರಸಿಯ ಕೊಳವೆಗಳನ್ನು ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಕೆಳಗೆ ತೇವ ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಬಚ್ಚಲಿಗೆ ಒಂದು ಕೊಡ ನೀರು ಸುರಿದು ಎತ್ತ ಹರಿಯುತ್ತದೆ ನೋಡಿ. ಟೈಲ್ಸನ್ನು ನಾಣ್ಯದಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲವೆಂದೇ ಲೆಕ್ಕ. ಪ್ಲಾಸ್ಟರಿಂಗ್ ಮೇಲಿನ ಕೂದಲೆಳೆಯ ಬಿರುಕಿಗೆ ಗಾಬರಿ ಬೇಡ. ಗೋಡೆಯಲ್ಲಿ ಓರೆಯಾಗಿ ಅಗಲವಾಗುತ್ತಿರುವ ಬಿರುಕನ್ನು ಎಂಜಿನಿಯರರಿಗೆ ತೋರಿಸಿ. ದೋಷಗಳನ್ನೆಲ್ಲ ಬರೆದು ಮೇಸ್ತ್ರಿಯ ಸಹಿ ಹಾಕಿಸಿ.

ಒಪ್ಪದಿದ್ದರೆ? ಮನೆ ಕಟ್ಟಿಕೊಡುವುದೂ ‘ಸೇವೆ’ಯೇ ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2016ರ ರೇರಾ ಕಾಯ್ದೆಯ ಐದು ವರ್ಷದ ಹೊಣೆ ಮನೆ ಕಟ್ಟಿ ಮಾರುವ ಬಿಲ್ಡರುಗಳಿಗೆ. ನಿಮ್ಮದೇ ನಿವೇಶನದಲ್ಲಿ ಕೂಲಿಗೆ ಕಟ್ಟಿದ ಮೇಸ್ತ್ರಿಗಲ್ಲ.

ಆಯೋಗದಲ್ಲಿ ಮೊದಲು ಕೇಳುವುದು ಕಾಗದ. ಕರಾರು ಇಲ್ಲದಿದ್ದರೆ, ಆ ಚಿಕ್ಕ ಪುಸ್ತಕದ ಪುಟಗಳ ಫೋಟೊವನ್ನಾದರೂ ತೆಗೆದಿಟ್ಟುಕೊಂಡಿರಿ.