ಬೆಸುಗೆಯ ಬಿಸಿಗೆ ಕಡಿವಾಣ ಬಿದ್ದ ಕತೆ

ಸಾಲ್ಡರಿಂಗ್ ಕಲಿಯಲು ಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಐರನ್ ಎಷ್ಟು ವ್ಯಾಟಿನದು ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಐರನ್ನಿನ ತುದಿಯ, ಅಂದರೆ ಬಿಟ್ಟಿನ, ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು.

ವಿದ್ಯುತ್ ಸಾಲ್ಡರಿಂಗ್ ಐರನ್ನನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಿದವರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ಒಬ್ಬರು. 1921ರಲ್ಲಿ ಅವರು ಕಟ್ಟಿದ ಕಂಪನಿಯೇ ಎರ್ಸಾ. ಆ ಕಾಲದ ಐರನ್ನಿಗೆ ಗೊತ್ತಿದ್ದದ್ದು ಕಾಯುವುದೊಂದೇ. ಸ್ಟ್ಯಾಂಡಿನಲ್ಲಿ ಸುಮ್ಮನಿದ್ದರೆ ವಿಪರೀತ ಕಾಯುತ್ತಿತ್ತು, ದಪ್ಪ ತಂತಿಗೆ ತಾಗಿಸಿದರೆ ತಣ್ಣಗಾಗುತ್ತಿತ್ತು. ಇವತ್ತು ಪೇಟೆಯಲ್ಲಿ ಸಿಗುವ ಅಗ್ಗದ 25 ವ್ಯಾಟಿನ ಐರನ್ನಿನದೂ ಅದೇ ಪಾಡು.

ಪೆನ್ಸಿಲ್ವೇನಿಯಾದ ಈಸ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾರ್ಲ್ ವೆಲ್ಲರ್ ಅವರಿಗೆ ಬೇಸರ ತರಿಸಿದ್ದು ಮಾತ್ರ ಐರನ್ ಕಾಯುವವರೆಗೆ ಕಾದು ಕೂರುವುದು. ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಕಾಯುವ ಸಾಲ್ಡರಿಂಗ್ ಗನ್ನಿಗೆ ಅವರು 1941ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಯುದ್ಧ ಮುಗಿದ ಮೇಲೆ ಅವರ ಹೆಸರಿನ ಕಂಪನಿ ಬೆಳೆಯಿತು. ಅಷ್ಟರಲ್ಲಿ ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಗಟ್ಟಿ ತಂತಿಗಳ ಜಾಗಕ್ಕೆ ಪ್ರಿಂಟೆಡ್ ಸರ್ಕಿಟ್ ಬೋರ್ಡು ಬಂತು. ಬಿಸಿ ಮೀರಿದರೆ ಜರ್ಮೇನಿಯಂ ಟ್ರಾನ್ಸಿಸ್ಟರು ಕೆಡುತ್ತಿತ್ತು, ಬೋರ್ಡಿಗೆ ಅಂಟಿದ ತಾಮ್ರದ ಪದರ ಎದ್ದು ಬರುತ್ತಿತ್ತು. ಬೇಗ ಕಾದರಷ್ಟೇ ಸಾಲದು, ಕಾಯುವುದನ್ನು ನಿಲ್ಲಿಸಲೂ ಬರಬೇಕಿತ್ತು.

ಅದಕ್ಕೆ ಬೇಕಾದ ಭೌತವಿಜ್ಞಾನ ಆ ಹೊತ್ತಿಗೆ ಹಳೆಯದಾಗಿತ್ತು. ಕೆಂಪಗೆ ಕಾದ ಕಬ್ಬಿಣವನ್ನು ಅಯಸ್ಕಾಂತ ಸೆಳೆಯುವುದಿಲ್ಲ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿದ್ದರು. ಪ್ಯಾರಿಸ್ಸಿನ ಪಿಯರ್ ಕ್ಯೂರಿ ಬೇರೆಬೇರೆ ವಸ್ತುಗಳನ್ನು ಕಾಯಿಸುತ್ತ ಅವುಗಳ ಕಾಂತಗುಣವನ್ನು ಅಳೆದು, 1895ರಲ್ಲಿ ಅದನ್ನೇ ತಮ್ಮ ಡಾಕ್ಟರೇಟ್ ಪ್ರಬಂಧವಾಗಿಸಿದರು. ವಸ್ತು ಅಯಸ್ಕಾಂತಕ್ಕೆ ಒಲಿಯುವುದನ್ನು ಬಿಡುವ ಉಷ್ಣತೆಗೆ ಈಗ ಅವರದೇ ಹೆಸರಿದೆ. ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್, ನಿಕ್ಕಲ್ಲಿಗೆ ಸುಮಾರು 358. ಮಿಶ್ರಲೋಹದ ಪ್ರಮಾಣ ಬದಲಿಸಿದರೆ ಈ ಉಷ್ಣತೆಯೂ ಬದಲಾಗುತ್ತದೆ.

ವೆಲ್ಲರ್ ಕಂಪನಿಯ ಮ್ಯಾಗ್ನಾಸ್ಟಾಟ್ ಐರನ್ ನಿಂತಿರುವುದು ಈ ಗುಣದ ಮೇಲೆ. ಅದರ ಬಿಟ್ಟನ್ನು ಹೊರಗೆ ಎಳೆದರೆ ಹಿಂತುದಿಯಲ್ಲಿ ಅಂಥ ಮಿಶ್ರಲೋಹದ ಪುಟ್ಟ ಬಿಲ್ಲೆ ಕಾಣುತ್ತದೆ, ಮೇಲೆ 6, 7 ಅಥವಾ 8 ಎಂದು ಒತ್ತಿರುತ್ತದೆ. 7 ಎಂದರೆ 700 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 370 ಡಿಗ್ರಿ. ಬಿಲ್ಲೆ ತಣ್ಣಗಿರುವಾಗ ಹಿಡಿಯೊಳಗಿನ ಅಯಸ್ಕಾಂತವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಸ್ವಿಚ್ ಮುಚ್ಚಿ ಕರೆಂಟು ಹರಿಯುತ್ತದೆ. 370 ದಾಟುತ್ತಿದ್ದಂತೆ ಆ ಸೆಳೆತ ಇಲ್ಲವಾಗುತ್ತದೆ, ಸ್ಪ್ರಿಂಗು ಅಯಸ್ಕಾಂತವನ್ನು ಹಿಂದಕ್ಕೆ ತಳ್ಳುತ್ತದೆ, ಟಿಕ್ ಎಂದು ಸ್ವಿಚ್ ಬಿಡುತ್ತದೆ. ಆರಿದರೆ ಮತ್ತೆ ಟಿಕ್. ತಿರುಗಿಸುವ ಗುಂಡಿಯಿಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ಬೇರೆ ಬಿಸಿ ಬೇಕಾದರೆ ಬೇರೆ ಬಿಟ್ಟು ಹಾಕಿದರಾಯಿತು. ಇಷ್ಟು ಸರಳವಾದ, ಇಷ್ಟು ನಂಬಿಕಸ್ಥ ಉಪಾಯ ವಿದ್ಯುತ್ ಉಪಕರಣಗಳಲ್ಲಿ ಅಪರೂಪ. ಬಹುಕಾಲ ದುಡಿದ ಮ್ಯಾಗ್ನಾಸ್ಟಾಟ್‌ಗಳು ಇನ್ನೂ ಕೆಲಸ ಮಾಡುತ್ತಿವೆ.

ಆಮೇಲೆ ಬಿಸಿಯನ್ನು ಅಳೆಯುವ ಕೆಲಸವನ್ನು ಸೆನ್ಸರು ವಹಿಸಿಕೊಂಡಿತು, ಉಷ್ಣತೆಯನ್ನು ಬೇಕಾದಷ್ಟಕ್ಕೆ ತಿರುಗಿಸಿಡುವ ಸ್ಟೇಷನ್‌ಗಳು ಬಂದವು. ಜಪಾನಿನ ಹಕ್ಕೋ 936 ಎಷ್ಟು ಹೆಸರು ಮಾಡಿತೆಂದರೆ, ಅದರ ಮಾದರಿಯ ಅಗ್ಗದ ಸ್ಟೇಷನ್ನು ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಕಲಿಯುವವರಿಗೆ ನಾನು ಧೈರ್ಯವಾಗಿ ಹೇಳುವುದು ಇಂಥದ್ದನ್ನೇ, ಆದರೆ ನೋಡಿ ಕೊಳ್ಳಬೇಕು. ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದು ಹಿಡಿಗೆ 24 ವೋಲ್ಟ್ ಮಾತ್ರ ಬರುವಂತಿದ್ದರೆ, ವೈರು ಸುಟ್ಟರೂ ಕೈಗೆ 230 ವೋಲ್ಟ್ ತಗಲುವ ಭಯವಿಲ್ಲ. ಮೂರು ಪಿನ್ನಿನ ಪ್ಲಗ್ ಇದ್ದ ಮಾತ್ರಕ್ಕೆ ನಂಬಬಾರದು. ಕೆಲವು ನಕಲುಗಳಲ್ಲಿ ಅರ್ಥಿಂಗ್ ಬಿಟ್ಟಿನವರೆಗೆ ತಲುಪಿರುವುದೇ ಇಲ್ಲ. ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆದಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅದರ ದಪ್ಪ ಪಿನ್ನಿಗೆ, ಇನ್ನೊಂದನ್ನು ಬಿಟ್ಟಿಗೆ ಹಿಡಿದರೆ ಅಲ್ಲೇ ಗೊತ್ತಾಗುತ್ತದೆ.

ತವರ-ಸೀಸದ 63/37 ಸಾಲ್ಡರ್ 183 ಡಿಗ್ರಿಗೆ ಕರಗುತ್ತದೆ, ಸೀಸವಿಲ್ಲದ್ದು ಸುಮಾರು 217ಕ್ಕೆ. ಬೆಸುಗೆ ಬೇಗ ಕೂರಲೆಂದು ಸ್ಟೇಷನ್ನನ್ನು 320ರಿಂದ 350ಕ್ಕೆ ಇಡುತ್ತಾರೆ. ಏಳುವ ಹೊಗೆ ಸೀಸದ್ದಲ್ಲ, ರಾಳದ ಫ್ಲಕ್ಸಿನದು. ಅದೂ ಉಬ್ಬಸ ತರಬಲ್ಲದು, ಕಿಟಕಿ ತೆರೆದಿರಲಿ. ಸೀಸ ಹೊಟ್ಟೆಗೆ ಹೋಗುವುದು ಬೆರಳಿನಿಂದ, ಹಾಗಾಗಿ ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಬೇಕು. ಬಿಟ್ಟನ್ನು ಅರದಿಂದ ಉಜ್ಜುವ ಹಳೆಯ ಅಭ್ಯಾಸ ಬೇಡ: ತಾಮ್ರದ ಮೇಲಿನ ಕಬ್ಬಿಣದ ತೆಳು ಲೇಪ ಹೋದರೆ ಸಾಲ್ಡರು ತಾಮ್ರವನ್ನೇ ತಿಂದುಬಿಡುತ್ತದೆ.