ಅಡುಗೆ ಅನಿಲದ ಒಲೆಯ ಜೋಡಣೆ: ಕೆಲವು ಭೌತ ಕಾರಣಗಳು

ನಮ್ಮ ಮನೆಗಳಿಗೆ 14.2 ಕಿಲೋಗ್ರಾಂ ಸಿಲಿಂಡರಿನಲ್ಲಿ ಬರುವ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಿಂದ ದ್ರವರೂಪದಲ್ಲಿರುವ ಇದು ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಒಲೆಯ ಜೋಡಣೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳು ಬಹುಮಟ್ಟಿಗೆ ಈ ಎರಡು ಗುಣಗಳಿಂದಲೇ ಹುಟ್ಟಿದವು.

ಗಾಳಿಯಲ್ಲಿ ಈ ಅನಿಲವು ಶೇಕಡಾ 2ರಷ್ಟು ಬೆರೆತರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. 20 ಘನ ಮೀಟರ್ ಗಾತ್ರದ ಅಡುಗೆಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು 0.4 ಘನ ಮೀಟರ್, ಎಂದರೆ ಒಂದು ಕಿಲೋಗ್ರಾಮಿಗೂ ಕಡಮೆ. ಅದೂ ಎಲ್ಲೆಡೆ ಸಮವಾಗಿ ಬೆರೆತ ಪಕ್ಷದಲ್ಲಿ. ವಾಸ್ತವವಾಗಿ ಅನಿಲವು ನೆಲದ ಮೇಲೆಯೇ ಹರಡಿ ನಿಲ್ಲುವುದರಿಂದ ಇನ್ನೂ ಅಲ್ಪವಾದ ಸೋರಿಕೆಯೂ ಅನರ್ಥಕ್ಕೆ ಸಾಕು. ಆದಕಾರಣ ಎತ್ತರದ ಕಿಟಕಿಯೊಂದನ್ನೇ ನಂಬಿರಲಾಗದು. ನೆಲದ ಮಟ್ಟದಲ್ಲಿಯೂ ಗಾಳಿಗೆ ದಾರಿಯಿರಬೇಕು. ಸಿಲಿಂಡರನ್ನು ತಗ್ಗಿನಲ್ಲಿ ಇರಿಸಕೂಡದು.

ಸಿಲಿಂಡರ್ ನೆಟ್ಟಗೆ ನಿಂತಿರತಕ್ಕದ್ದು; ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರನ್ನು ಹೊಕ್ಕೀತು. ಒಳಗಿನ ಅಧಿಕ ಒತ್ತಡವನ್ನು ರೆಗ್ಯುಲೇಟರು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಮಿಗೆ ಇಳಿಸುತ್ತದೆ. ಮನೆಯ ಒಲೆಯ ಜೆಟ್ಟಿನ ರಂಧ್ರವನ್ನು ಈ ಒತ್ತಡಕ್ಕೆಂದೇ ಕೊರೆದಿರುವರು. ಹೋಟೆಲಿನ ದೊಡ್ಡ ಒಲೆಗಳ ಅಧಿಕ ಒತ್ತಡದ ರೆಗ್ಯುಲೇಟರನ್ನು ಇದಕ್ಕೆ ಹೂಡುವುದು ಸಲ್ಲದು.

ಸೋರಿಕೆಗೆ ಮುಖ್ಯ ಸ್ಥಾನಗಳು ಸಂದುಗಳೇ. ಕವಾಟದೊಳಗಿನ ರಬ್ಬರಿನ ವಾಷರ್ ಇದೆಯೇ, ಬಿರುಕುಬಿಟ್ಟಿದೆಯೇ ಎಂಬುದನ್ನು ರೆಗ್ಯುಲೇಟರ್ ಹಾಕುವ ಮುನ್ನವೇ ನೋಡಬೇಕು. ತಂತಿಯ ಹೆಣಿಗೆಯುಳ್ಳ, ಐ.ಎಸ್.ಐ. ಮುದ್ರೆಯ ನಳಿಕೆಯನ್ನು ಎರಡೂ ತುದಿಗಳಲ್ಲಿ ಪೂರ್ತಿಯಾಗಿ ಒತ್ತಿ ಕೂಡಿಸಬೇಕು. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಬಳಿಕ ಒಲೆಯ ತಿರುಪುಗಳನ್ನು ಮುಚ್ಚಿ, ರೆಗ್ಯುಲೇಟರನ್ನು ತೆರೆದು, ಸಂದುಗಳಿಗೆ ಸಾಬೂನಿನ ನೀರನ್ನು ಸವರಿದರೆ, ಸೋರುವೆಡೆ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ನೋಡುವುದನ್ನು ಪರೀಕ್ಷೆಯೆಂದು ಕರೆಯಲು ನಾವು ಒಪ್ಪೆವು.

ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸುತ್ತಾರೆ. ಆದರೆ ಮೂಗು ಬೇಗ ಒಗ್ಗಿಹೋಗುತ್ತದೆ. ವಾಸನೆ ಕಡಮೆಯಾಯಿತೆಂದರೆ ಸೋರಿಕೆ ನಿಂತಿತೆಂದಲ್ಲ. ಅಂಥ ಸಂದರ್ಭದಲ್ಲಿ ರೆಗ್ಯುಲೇಟರನ್ನು ಮುಚ್ಚಿ ಬಾಗಿಲು ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕುವುದಷ್ಟೇ ಅಲ್ಲ, ಆರಿಸುವುದೂ ಕೂಡದು: ಆರಿಸುವಾಗಲೂ ಕಿಡಿ ಹಾರುತ್ತದೆ. ಹೊರಗೆ ಬಂದ ಮೇಲೆ 1906ಕ್ಕೆ ದೂರವಾಣಿ ಮಾಡಬಹುದು.