ಮುಂದೆ ಓಡಿದ ಕುದುರೆ ಸೋಲುವುದೇಕೆ?

ಪ್ರಶ್ನೆ: ರೇಸಿನ ಆರಂಭದಲ್ಲಿ ಎಲ್ಲರಿಗಿಂತ ಮುಂದಿದ್ದ ಕುದುರೆ ಕೊನೆಗೆ ಹಿಂದೆ ಬೀಳುವುದೇಕೆ? ಇದರಲ್ಲಿ ಜಾಕಿಯ ಪಾತ್ರವೇನು?

ಉತ್ತರ: ಅಮೆರಿಕದ ಕೆಂಟಕಿ ಡರ್ಬಿ ಎಂಬ ಕುದುರೆ ರೇಸಿನ ದೂರ ಸುಮಾರು 2 ಕಿಲೋಮೀಟರ್. ಅಷ್ಟು ದೂರವನ್ನು ಯಾವ ಕುದುರೆಯೂ ಒಂದೇ ಬಿರುಸಿನಲ್ಲಿ ಓಡಲಾರದು. ಕಸುವೆಲ್ಲ ಮೊದಲೇ ಕರಗಿದರೆ ಕೊನೆಯ ನೇರ ಹಾದಿಯಲ್ಲಿ ಕಾಲು ಸೋಲುತ್ತದೆ.

2022ರ ಡರ್ಬಿಯಲ್ಲಿ ಆದದ್ದು ಇದೇ. ಮುಂಚೂಣಿಯ ಕುದುರೆಗಳು ಮೊದಲ ಕಾಲು ಮೈಲಿಯನ್ನು 21.78 ಸೆಕೆಂಡಿನಲ್ಲಿ ದಾಟಿದವು. ಡರ್ಬಿಯ ಇತಿಹಾಸದಲ್ಲೇ ಅದು ಅತಿ ವೇಗದ ಆರಂಭ. ಮುಂದಿದ್ದ ಸಮ್ಮರ್ ಈಸ್ ಟುಮಾರೋ ಎಂಬ ಕುದುರೆ ಕೊನೆಗೆ 20ನೆಯ ಸ್ಥಾನಕ್ಕೆ ಕುಸಿಯಿತು. ಗೆದ್ದದ್ದು ರಿಚ್ ಸ್ಟ್ರೈಕ್ ಎಂಬ ಕುದುರೆ. ಬೇರೊಂದು ಕುದುರೆ ಸ್ಪರ್ಧೆಯಿಂದ ಹಿಂದೆ ಸರಿದಿದ್ದರಿಂದ ಹಿಂದಿನ ದಿನವಷ್ಟೇ ಅದಕ್ಕೆ ಅವಕಾಶ ಸಿಕ್ಕಿತ್ತು! ಜಾಕಿ ಸಾನಿ ಲಿಯಾನ್ ಅವಸರಪಡದೆ ಅದನ್ನು ಬಹಳ ಹಿಂದೆಯೇ ಇರಿಸಿಕೊಂಡಿದ್ದರು. ನೇರ ಹಾದಿಯಲ್ಲಿ ಒಳಬೇಲಿಯ ಪಕ್ಕದಿಂದ ನುಗ್ಗಿದರು. ಎದುರು ಸಿಕ್ಕ ಮೆಸಿಯರ್ ಕುದುರೆಯನ್ನು ಹೊರಬದಿಯಿಂದ ಬಳಸಿ, ಮತ್ತೆ ಬೇಲಿಯತ್ತ ತಿರುಗಿ, ಎಪಿಸೆಂಟರ್ ಕುದುರೆಯನ್ನು ಮುಕ್ಕಾಲು ಕುದುರೆಯುದ್ದದಿಂದ ಸೋಲಿಸಿದರು.

ಹಾಗೆಂದು ಹಿಂದೆ ಉಳಿಯುವುದೇ ಜಾಣತನವಲ್ಲ.

2002ರ ಡರ್ಬಿಯಲ್ಲಿ ಜಾಕಿ ವಿಕ್ಟರ್ ಎಸ್ಪಿನೋಜಾ, ವಾರ್ ಎಂಬ್ಲಮ್ ಕುದುರೆಯನ್ನು ಆರಂಭದಿಂದಲೂ ಮುಂದಿಟ್ಟರು. ಆದರೆ ಅರ್ಧ ಮೈಲಿಗೆ ಸುಮಾರು 47 ಸೆಕೆಂಡ್ ತೆಗೆದುಕೊಂಡರು. 2022ರಲ್ಲಿ ಅದೇ ದೂರಕ್ಕೆ ಹಿಡಿದದ್ದು 45.36. ಹಿಂದಿದ್ದವರು ಕೆಣಕಲಿಲ್ಲ. ಉಳಿಸಿಕೊಂಡ ಕಸುವು ಕೊನೆಯಲ್ಲಿ ನಾಲ್ಕು ಕುದುರೆಯುದ್ದದ ಗೆಲುವು ತಂದಿತು. ಈ ವೇಗವನ್ನು ಅಳೆಯಲು ಓಡುವಾಗ ಜಾಕಿಗೆ ಗಡಿಯಾರ ನೋಡುವ ಪುರುಸೊತ್ತಿಲ್ಲ. ಮುಂಜಾನೆಯ ತಾಲೀಮುಗಳಲ್ಲಿ ರೂಢಿಸಿಕೊಂಡ ವೇಗದ ಅಂದಾಜಿನಿಂದಲೇ ಜಾಕಿ ಲಗಾಮು ಬಿಗಿಯುತ್ತಾರೆ, ಸಡಿಲಿಸುತ್ತಾರೆ.